ಎಡಬಾಗಿಲಿನ ತಂತಿ

"ಎಡಬಾಗಿಲು ಒಂದ್ಸಲ ಬಿಚ್ಚಿ ನೋಡಾಣ, ಸಾವ್ಕಾರ್ರೆ," ಎಂದು ಜಮಾಲ್ ಸಾಬ್ ಮೂರನೇ ಸಲ ಕೇಳಿದರು.

"ಬಾಗಿಲು ಚಲೋ ಐತೆ ಸಾಬ್ರೆ. ಅದರ ತಂಟೆ ಬ್ಯಾಡ," ಎಂದು ಕೊಟ್ಟೂರೇಶ್ ಮೂರನೇ ಸಲವೂ ಅಂದ.

ಜಮಾಲ್ ಸಾಬ್ ಸ್ಕ್ರೂಡ್ರೈವರನ್ನು ಜೇಬಿಗೆ ಸೇರಿಸಿದರು. ಇಪ್ಪತ್ತೆಂಟು ವರ್ಷದಿಂದ ದಾವಣಗೆರೆಯ ಕಾರುಗಳಿಗೆ ಸ್ಟೀರಿಯೊ ಕೂರಿಸಿದ ಕೈ ಅದು. ಈ ಒಂದು ಕಾರು ಮಾತ್ರ ಅವರ ಮಾನ ಕಳೆಯುತ್ತಿತ್ತು. ಒಂದೇ ವರ್ಷದಲ್ಲಿ ಸ್ಟೀರಿಯೊ ಬದಲಾಯಿತು, ಸೀಟಿನ ಕೆಳಗೆ ಆಂಪ್ಲಿಫೈಯರ್ ಬಂತು, ಡಿಕ್ಕಿಯಲ್ಲಿ ಹನ್ನೆರಡಿಂಚಿನ ಸಬ್‌ವೂಫರ್ ಕೂತಿತು. ಡಿಕ್ಕಿ ಗುಡುಗುತ್ತಿತ್ತು, ಇಲ್ಲವೆನ್ನುವಂತಿಲ್ಲ. ಹಿಂದಿನ ಗಾಡಿಯವರಿಗೆ ಪರಮಸುಖ. ಮುಂದೆ ಕೂತವನಿಗೆ ಮಾತ್ರ ತಬಲಾದ ಡಗ್ಗ ಖಾಲಿ ಡಬ್ಬ ಬಡಿದಂತೆ ಕೇಳುತ್ತಿತ್ತು.

"ತಂತಿ ನೋಡದೆ ಡಗ್ಗದ ಬೇಸ್ ಬಾ ಅಂದ್ರೆ ಎಲ್ಲಿಂದ ಬರ್ತೈತ್ರಿ? ನಾನೇನು ಜಾದೂಗಾರನೇನು?" ಎಂದು ಗೊಣಗುತ್ತ ಸಾಬ್ರು ಚಹಾಕ್ಕೆ ಎದ್ದರು.

ನಿಜ ಸಂಗತಿ ಬೇರೆಯೇ ಇತ್ತು. ಹೋದ ವರ್ಷ ಎಡಬಾಗಿಲಿನ ಗಾಜು ಮೇಲೇರದೆ ಸಿಕ್ಕಿಕೊಂಡಾಗ ಜಮಾಲ್ ಸಾಬ್ ತಮ್ಮ ಮಗಳು ಹುಮಾಳ ಮದುವೆಯ ಓಡಾಟದಲ್ಲಿದ್ದರು. ಕೊಟ್ಟೂರೇಶ್ ಫೋನಿನಲ್ಲಿ ವಿಡಿಯೊ ನೋಡಿಕೊಂಡು ತಾನೇ ಬಾಗಿಲು ಬಿಚ್ಚಿದ. ಗಾಜು ಸರಿಯಾಯಿತು, ಎರಡು ಕ್ಲಿಪ್ಪು ಮುರಿದವು, ಗಮ್ಮು ಹಚ್ಚಿ ಅಂಟಿಸಿದ. "ನನ್ನ ಕೆಲಸದಾಗೆ ಬೇರೆಯವರು ಕೈ ಹಾಕಬಾರದು" ಎನ್ನುವ ಸಾಬ್ರಿಗೆ ಇದನ್ನು ಹೇಳುವುದು ಹೇಗೆ? ಎಪಿಎಂಸಿಯಲ್ಲಿ ಮೆಕ್ಕೆಜೋಳದ ಮಂಡಿ ನಡೆಸುವ ಮೂವತ್ತಾರು ವರ್ಷದ ಗಂಡಸು ಎರಡು ಪ್ಲಾಸ್ಟಿಕ್ ಕ್ಲಿಪ್ಪಿಗೆ ಹೆದರುವುದೆಂದರೆ! ಆದರೆ ಅವನ ಜಾಯಮಾನವೇ ಅದು. ನಾಲಿಗೆಯ ತುದಿಗೆ ಬಂದ ಮಾತನ್ನೂ ಅಲ್ಲೇ ನುಂಗಿಬಿಡುವವನು. ನೋಡಿದ ಹನ್ನೊಂದು ಹೆಣ್ಣುಗಳಲ್ಲಿ ಏಳು ಜನ ಹೇಳಿಕಳಿಸಿದ್ದು ಒಂದೇ ಮಾತು: ಹುಡುಗ ಬಾಯಿಯೇ ಬಿಡುವುದಿಲ್ಲ.

ಪಿಯುಸಿ ಓದುವಾಗ ಒಮ್ಮೆ ಮಠದ ಸಂಗೀತ ಕಾರ್ಯಕ್ರಮದಲ್ಲಿ ದೊಡ್ಡ ಸ್ಪೀಕರಿನ ಪಕ್ಕ ಅವನಿಗೆ ಜಾಗ ಸಿಕ್ಕಿತ್ತು. ತಬಲಾದವನು ಡಗ್ಗದ ಮೇಲೆ ಅಂಗೈ ಜಾರಿಸಿದಾಗ ಬಂದ ನಾದ ಕಿವಿಗಲ್ಲ, ನೇರ ಎದೆಗೆ ಇಳಿದಿತ್ತು. ಯಾರೋ ಬೆನ್ನ ಮೇಲೆ ಕೈಯಿಟ್ಟು "ನಾನಿದ್ದೀನಿ" ಅಂದಂತಾಗಿತ್ತು. ಇಷ್ಟು ವರ್ಷವಾದರೂ ಆ ನಾದಕ್ಕಾಗಿ ಅವನ ಜೀವ ಹಪಹಪಿಸುತ್ತಿತ್ತು. ಬೆಳಿಗ್ಗೆ ನಿಜಲಿಂಗಪ್ಪ ಬಡಾವಣೆಯ ಮನೆಯಿಂದ ಮಂಡಿಗೆ, ಸಂಜೆ ಮಂಡಿಯಿಂದ ಮನೆಗೆ ಒಬ್ಬನೇ ಹೋಗಿ ಬರುವಾಗ ಅದನ್ನೇ ಹುಡುಕುತ್ತಿದ್ದ.

ಆ ಭಾನುವಾರ ಹನ್ನೆರಡನೇ ಹೆಣ್ಣು. ಸಂಬಂಧ ತಂದವರು ಮಾಲತೇಶಪ್ಪ, ಅವನ ಸೋದರಮಾವ. ತಾಯಿ ದ್ರಾಕ್ಷಾಯಣಮ್ಮನನ್ನೂ ಮಾವನನ್ನೂ ಹಿಂದೆ ಕೂರಿಸಿಕೊಂಡು ಕೊಟ್ಟೂರೇಶ್ ಹರಿಹರ ದಾಟಿ ಕಡರನಾಯಕನಹಳ್ಳಿಗೆ ಹೋದ. ಹುಡುಗಿಯ ತಂದೆ ಕೆಂಚವೀರಪ್ಪ ಮೈಕ್‌ಸೆಟ್ಟಿನವರು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ ಮದುವೆ, ಸಭೆ, ಪುರಾಣ ಎಲ್ಲದಕ್ಕೂ ಸೌಂಡ್ ಕಟ್ಟುವವಳು ಮಗಳು ಬಿಂದು.

ಉಪ್ಪಿಟ್ಟು, ಕೇಸರಿಬಾತ್ ಬಂದವು. "ಹುಡುಗ, ಹುಡುಗಿ ಎರಡು ಮಾತಾಡ್ಲಿ" ಎಂದರು ಮಾಲತೇಶಪ್ಪ. ಒಳಕೋಣೆಯ ತುಂಬ ಸ್ಪೀಕರ್ ಡಬ್ಬಗಳು. ಕೂರಲು ಜಾಗವಿಲ್ಲದೆ ಇಬ್ಬರೂ ಮನೆ ಮುಂದಿನ ಕಾರಿನಲ್ಲೇ ಕೂತರು. "ಬಾಗ್ಲು ತೆಗದೇ ಇರ್ಲಪ್ಪ" ಎಂದು ದ್ರಾಕ್ಷಾಯಣಮ್ಮ ಜಗಲಿಯಿಂದ ಕೂಗಿದರು.

ಏನು ಮಾತಾಡುವುದೋ ತಿಳಿಯದೆ ಕೊಟ್ಟೂರೇಶ್ ಹಾಡು ಹಚ್ಚಿದ. ಬಿಂದು ಅರ್ಧ ನಿಮಿಷ ಕತ್ತು ಓರೆ ಮಾಡಿ ಕೇಳಿದಳು.

"ಸಾಮಾನೆಲ್ಲ ಚಲೋ ಅದಾವ್ರಿ. ಹಾಡಿಗೆ ಜೀವ ಇಲ್ಲ," ಎಂದಳು.

"ವರ್ಷದಿಂದ ಒದ್ದಾಡ್ತಿದೀನ್ರಿ."

ಅವಳು ಕೇಳದೆಯೇ ಕೈ ಚಾಚಿ ಸ್ಟೀರಿಯೊದ ಬ್ಯಾಲೆನ್ಸನ್ನು ಪೂರ್ತಿ ಎಡಕ್ಕೆ ತಂದಳು, ಎಡಬಾಗಿಲಿನ ಸ್ಪೀಕರ್ ಒಂದೇ ಹಾಡಿತು. ಡಗ್ಗ ಕೇಳಿತು. ಪೂರ್ತಿ ಬಲಕ್ಕೆ ತಂದಳು. ಆಗಲೂ ಕೇಳಿತು. ನಡುವೆ ನಿಲ್ಲಿಸಿದಳು. ಡಗ್ಗ ಮಾಯ!

"ಒಂದೊಂದೇ ಇದ್ರೆ ಸರಿ ಅದಾವೆ. ಎರಡೂ ಕೂಡಿದ್ರೆ ಒಂದನ್ನೊಂದು ನುಂಗ್ತಾವೆ. ಒಂದು ಬಾಗ್ಲಾಗೆ ಪ್ಲಸ್ಸು, ಮೈನಸ್ಸು ತಂತಿ ಅದಲುಬದಲು ಆಗೈತೆ ನೋಡ್ರಿ. ಆ ಕಡೇದು ತಳ್ಳಿದಾಗ ಈ ಕಡೇದು ಜಗ್ತೈತೆ. ಬೇಸ್ ಎಲ್ಲಿ ಉಳೀತೈತೆ? ಯಾರು ಬಿಚ್ಚಿದ್ರು ಇದನ್ನ?"

ಕೊಟ್ಟೂರೇಶನ ಕಿವಿ ಬಿಸಿಯಾದವು. "ನಾನೇ. ಎಡಬಾಗ್ಲು," ಎಂದ. ಒಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತು ಅಷ್ಟು ಸಲೀಸಾಗಿ ಹೊರಬಿದ್ದದ್ದು ಅವನಿಗೇ ಸೋಜಿಗವಾಯಿತು.

"ಕ್ಲಿಪ್ಪು ಎಷ್ಟು ಮುರದ್ರಿ?"

"ಎರಡು."

"ಅಷ್ಟೇನಾ! ನಾನು ಕಲಿಯಾಗ ನಾಲ್ಕು ಮುರ್ದಿದ್ದೆ," ಎಂದು ಬಿಂದು ನಕ್ಕಳು.

ಒಳಗಿನಿಂದ ಸ್ಕ್ರೂಡ್ರೈವರ್ ತಂದು, ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅವಳು ಬಾಗಿಲಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ನೋಡಲು ಬಂದ ಗಂಡು ಬಿಚ್ಚಿದ ಪ್ಯಾನಲ್ ಹಿಡಿದು ನಿಂತ. ಜಗಲಿಯ ಮೇಲೆ ದ್ರಾಕ್ಷಾಯಣಮ್ಮನ ಹುಬ್ಬು ಏರಿದ್ದನ್ನು ಇಬ್ಬರೂ ನೋಡಲಿಲ್ಲ. ತಂತಿ ತಿರುಗಿಸಿ, ಪ್ಯಾನಲ್ ಕೂರಿಸಿ ಅವಳು ಒಳಗೆ ಬಂದು ಬಾಗಿಲು ಎಳೆದುಕೊಂಡಳು. "ಬಾಗ್ಲು ಹಾಕಿದ್ರೇನೇ ಬೇಸ್ ಕೂಡೋದು. ನಿಮ್ಮ ಕಡೇದೂ ಹಾಕ್ರಿ."

ಹಾಡು ಬಂತು. ಡಗ್ಗ ಬಂತು. ಎಲ್ಲಿತ್ತೋ ಇಷ್ಟು ದಿನ! ಗಾಜಿನ ಮುಂದೆಯೇ ಯಾರೋ ಕೂತು ಬಾರಿಸಿದಂತೆ, ದುಂಡಗೆ, ತುಂಬಿಕೊಂಡು ಬಂತು. ಪಕ್ಕದಲ್ಲಿ ಅವಳ ಬೆರಳು ಮೊಣಕಾಲಿನ ಮೇಲೆ ತಾಳ ಹಾಕುತ್ತಿದ್ದವು. ಈ ಹಾಡು ಮುಗಿಯದೇ ಇರಲಪ್ಪ ದೇವರೇ ಅಂದುಕೊಂಡ.

ಹಾಡು ಮುಗಿಯಿತು.

"ಒಂದು ಮಾತ್ರಿ," ಎಂದಳು ಬಿಂದು. "ಅಪ್ಪಗೆ ಕೈ ಬರಲ್ಲ. ನಂಗೂ ಈ ಕೆಲಸ ಅಂದ್ರೆ ಜೀವ. ಲಗ್ನ ಆದ ಮ್ಯಾಲೂ ನಾನು ಬಿಡಲ್ಲ. ನಿಮ್ಮದೇನಾದ್ರೂ ಅಡ್ಡಿ ಐತಾ?"

"ನಂದೇನ್ ಅಡ್ಡಿ! ಖಂಡಿತ ಇಲ್ರಿ."

"ಹಂಗಾದ್ರೆ ಒಳಗೆ ಅದನ್ನ ನೀವೇ ಹೇಳ್ಬೇಕು. ನಾನು ಹೇಳಿದ್ರೆ ಬಾಯಿಬಡಕಿ ಅಂತಾರೆ."

"ಹೇಳ್ತೀನಿ," ಎಂದ ಕೊಟ್ಟೂರೇಶ್.

ಒಳಗೆ ಎರಡನೇ ಸಲ ಉಪ್ಪಿಟ್ಟು ಬಡಿಸಿದ್ದರು. ದ್ರಾಕ್ಷಾಯಣಮ್ಮ ತಟ್ಟೆ ಸರಿಸಿ ಮಾತು ತೆಗೆದರು. "ಹುಡುಗಿ ಲಕ್ಷಣವಾಗವ್ಳೆ. ಇಲ್ಲ ಅನ್ನಲ್ಲ. ಆದ್ರೆ ಕೆಂಚವೀರಪ್ಪೋರೆ, ಈ ಮೈಕು, ಏಣಿ, ತಂತಿ ಎಲ್ಲ ಲಗ್ನಕ್ಕೇ ಕೊನೆ ಆಗ್ಬೇಕು. ನಮ್ಮನೆ ಸೊಸೆ ಕಂಡೋರ ಮದುವೇಲಿ ಏಣಿ ಹತ್ತಿದ್ಲು ಅಂದ್ರೆ ನಾಲ್ಕು ಜನ ಏನಂತಾರೆ?"

ಕೆಂಚವೀರಪ್ಪ ತೊಡೆಯ ಮೇಲಿದ್ದ ತನ್ನ ಬಲಗೈ ನೋಡಿಕೊಂಡರು. ಬಾಗಿಲಲ್ಲಿ ನಿಂತ ಬಿಂದು ಕೊಟ್ಟೂರೇಶನನ್ನೇ ನೋಡಿದಳು. ಹೇಳೋ ಪುಣ್ಯಾತ್ಮ, ಈಗಲ್ಲದೆ ಇನ್ಯಾವಾಗ? ಅವನ ತುಟಿ ಬಿಚ್ಚಿತು. ತಾಯಿ ಅವನತ್ತ ತಿರುಗಿದರು.

"ಉಪ್ಪಿಟ್ಟು ಚಲೋ ಆಗೈತೆ," ಎಂದ ಕೊಟ್ಟೂರೇಶ್.

ಬಿಂದು ಒಳಗೆ ಹೋದಳು. ಅವರು ಹೊರಡುವವರೆಗೂ ಮತ್ತೆ ಈಚೆ ಬರಲಿಲ್ಲ.

ಮೂರನೇ ದಿನ ಮಾಲತೇಶಪ್ಪ ಫೋನ್ ಮಾಡಿದರು. ಹುಡುಗಿಗೆ ಮನಸ್ಸಿಲ್ಲವಂತೆ. "ಹೋಗ್ಲಿ ಬಿಡು, ಒಳ್ಳೇದೇ ಆತು," ಎಂದು ದ್ರಾಕ್ಷಾಯಣಮ್ಮ ರೊಟ್ಟಿ ತಟ್ಟಲು ಎದ್ದರು. ಆಗಲಾದರೂ ಅವನು "ನಂಗೆ ಅವಳೇ ಬೇಕು" ಅನ್ನಬಹುದಿತ್ತು. ಅನ್ನಲಿಲ್ಲ. ಕೈ ತೊಳೆದು ಮಂಡಿಗೆ ಹೋದ.

ಜಮಾಲ್ ಸಾಬ್ ಒಂದು ದಿನ ಕಾರಿನಲ್ಲಿ ಕೂತು ಕೇಳಿ ಕಣ್ಣರಳಿಸಿದರು. "ಅರೆ, ಬಿಲ್ಕುಲ್ ಸರಿ ಆಗೈತಲ್ರಿ! ಯಾರ ಕೈ ಇದು?" ಕೊಟ್ಟೂರೇಶ್ ಬಾಗಿಲು ಬಿಚ್ಚಿದ್ದು, ಕ್ಲಿಪ್ಪು, ತಂತಿ ಎಲ್ಲ ಹೇಳಿದ. ಸಾಬ್ರು ಬೈಯಲಿಲ್ಲ, ಹೊಟ್ಟೆ ಹಿಡಿದು ನಕ್ಕರು. "ಆ ಹುಡುಗಿ ಯಾರ್ರಿ? ಕಳಿಸ್ರಿ, ನಮ್ಮ ಅಂಗಡೀಲಿ ಕೆಲಸ ಕೊಡ್ತೀನಿ," ಎಂದರು. ಕೊಟ್ಟೂರೇಶನಿಗೆ ನಗು ಬರಲಿಲ್ಲ. ಕಾರಿನ ಸೌಂಡ್ ಈಗ ದಾವಣಗೆರೆಯಲ್ಲೇ ನಂಬರ್ ಒನ್. ಅದು ಚೆನ್ನಾಗಿದ್ದಷ್ಟೂ ಪಕ್ಕದ ಸೀಟು ಖಾಲಿ ಅನ್ನಿಸುತ್ತಿತ್ತು. ಒಳ್ಳೆಯ ತಾಳ ಬಂದಾಗಲೆಲ್ಲ ಎಡಕ್ಕೆ ತಿರುಗಿ, "ಕೇಳಿದ್ರಾ?" ಅನ್ನಬೇಕೆನಿಸುತ್ತಿತ್ತು. ಯಾರಿಗೆ ಅನ್ನುವುದು?

ಹರಿಹರದಲ್ಲಿ ಕೆಲಸವಿಲ್ಲದಿದ್ದರೂ ಕೆಲಸ ಹುಟ್ಟಿಸಿಕೊಂಡು ಹೋಗತೊಡಗಿದ. ಐದು ತಿಂಗಳು ಕಳೆದ ಮೇಲೆ, ಮಾಘದ ಒಂದು ಬೆಳಿಗ್ಗೆ, ಅಲ್ಲಿಯ ಕಲ್ಯಾಣ ಮಂಟಪದ ಮುಂದೆ 'ಕೆಂಚವೀರಪ್ಪ ಸೌಂಡ್ಸ್' ಎಂದು ಬರೆದ ಟೆಂಪೊ ಕಂಡಿತು. ಕಾರು ಅದರ ಹಿಂದೆ ನಿಲ್ಲಿಸಿ ತನ್ನ ಹಾಡು ಬಂದ್ ಮಾಡಿದ. ಗಾಜು ಇಳಿಸಿದ. ಮಂಟಪದೊಳಗಿಂದ ಓಲಗ ಬರುತ್ತಿತ್ತು. ಡೋಲಿನ ಪೆಟ್ಟು ಬೇರೆ, ಶಹನಾಯಿಯ ಎಳೆ ಬೇರೆ, ಒಂದಕ್ಕೊಂದು ಅಡ್ಡಬರದೆ ಕೂಡಿಕೊಂಡು ಬರುತ್ತಿದ್ದವು. ಅವನು ಸ್ಟೀರಿಂಗಿನ ಮೇಲೆ ಎರಡೂ ಕೈಯಿಟ್ಟು ಕೇಳುತ್ತ ಕೂತ.

ಕೇಬಲ್ ತೆಗೆಯಲು ಹೊರಬಂದ ಬಿಂದು ಕಾರಿನ ಗುರುತು ಹಿಡಿದಳು. ಹತ್ತಿರ ಬಂದಳು.

"ಏನ್ರಿ ಇಲ್ಲಿ? ಹೆಣ್ಣಿನ ಕಡೇರೋ, ಗಂಡಿನ ಕಡೇರೋ?"

ಒಂದು ಸುಳ್ಳು ಸಿದ್ಧವಾಗಿತ್ತು. ಅದನ್ನು ಬಿಟ್ಟುಬಿಟ್ಟ. "ಯಾರ ಕಡೇನೂ ಅಲ್ರಿ. ನಿಮ್ಮ ಸೌಂಡ್ ಕೇಳಾಕೆ ಬಂದೆ. ಅವತ್ತು ಒಳಗೆ ನಾನು ಮಾತಾಡ್ಬೇಕಿತ್ತು. ಮಾತಾಡ್ಲಿಲ್ಲ. ಅವತ್ತಿಂದ ಒಂದು ದಿನಾನೂ ನೆಮ್ಮದಿ ಇಲ್ಲ. ನೀವು ಈ ಕೆಲಸ ಮಾಡ್ರಿ, ನಾನು ಏಣಿ ಹಿಡೀತೀನಿ. ಅವ್ವಗೆ ಇವತ್ತೇ ಹೇಳ್ತೀನಿ."

ಕೇಬಲನ್ನು ಮೊಣಕೈಗೆ ಸುತ್ತುತ್ತಿದ್ದ ಬಿಂದು ನಿಲ್ಲಿಸಿದಳು. "ಮುಂದಿನ ತಿಂಗಳು ನನ್ನ ಲಗ್ನ ಐತ್ರಿ," ಎಂದಳು ಮೆಲ್ಲಗೆ. "ರಾಣೇಬೆನ್ನೂರಿನೋರು. ಕೆಲಸ ಬಿಡಸಲ್ಲ ಅಂತ ಬಂದ ದಿನಾನೇ, ಎಲ್ಲರ ಮುಂದೆ ಅವರೇ ಹೇಳಿದ್ರು."

"ಹೌದಾ," ಎಂದ ಕೊಟ್ಟೂರೇಶ್. "ಚಲೋ ಆತ್ರಿ."

ಒಳಗಿನಿಂದ ಯಾರೋ ಮೈಕಿನವಳನ್ನು ಕೂಗಿದರು. ಅವಳು ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಂತಳು.

"ಹೊರಗೆ ಕೂತ್ರೆ ಸರಿ ಕೇಳಲ್ಲ. ಒಳಗೆ ಬರ್ರಿ. ಹಿಂದಿಂದ ಮೂರನೇ ಸಾಲು, ನಡೂ ಕುರ್ಚಿ. ಅಲ್ಲಿ ಕೂತ್ಕೊಂಡೇ ನಾನು ಸರಿ ಮಾಡಿದ್ದು."

ಅವನು ಹೋಗಿ ಅಲ್ಲೇ ಕೂತ. ಹೌದು, ಅಲ್ಲಿ ಎಲ್ಲವೂ ಸರಿಯಾಗಿ ಕೇಳುತ್ತಿತ್ತು. ಅಕ್ಷತೆ ಹಂಚುತ್ತ ಬಂದ ಮುದುಕಿಯೊಬ್ಬರು ಯಾರು, ಏನು ಎಂದು ಕೇಳದೆ ಅವನ ಕೈಗೂ ಒಂದು ಹಿಡಿ ಹಾಕಿ, "ಮಾಂಗಲ್ಯ ಕಟ್ಟುವಾಗ ಹಾಕಪ್ಪ" ಅಂದರು. ಗಟ್ಟಿಮೇಳ ಎದ್ದಿತು. ಜನವೆಲ್ಲ ಎದ್ದು ನಿಂತು ಅಕ್ಷತೆ ತೂರಿದರು, ಎದುರಿನ ಕುರ್ಚಿಗಳ ಮೇಲೆಲ್ಲ ಹಳದಿ ಅಕ್ಕಿ ಚೆಲ್ಲಿತು. ಆಮೇಲೆ ಒಬ್ಬೊಬ್ಬರಾಗಿ ಊಟಕ್ಕೆ ಹೊರಟರು. ಕೊಟ್ಟೂರೇಶ್ ಅಲ್ಲೇ ಕೂತಿದ್ದ. ಅವನ ಮುಷ್ಟಿಯೊಳಗೆ ಅಕ್ಕಿ ಹಾಗೇ ಇತ್ತು, ಬೆವರಿಗೆ ಅರಿಶಿನ ಬಿಟ್ಟುಕೊಳ್ಳುತ್ತಿತ್ತು.