ಸುಂದ್ರವ್ವನ ತಲೆಗೆ ಏರಿದ್ದು ತಂಬಾಕಲ್ಲ

ನಿಪಾಣಿಯ ತಂಬಾಕಿನ ವಖಾರಿಗಳಲ್ಲಿ, ಅಂದರೆ ಗೋದಾಮುಗಳಲ್ಲಿ, ದುಡಿಯುವ ಹೆಂಗಸರಿಗೆ ತಲೆಸುತ್ತು ಹೊಸದಲ್ಲ. ಜರಡಿ ಹಿಡಿಯುವಾಗ ಘಾಟು ಮೂಗಿಗೆ ಹೊಡೆಯುತ್ತದೆ, ವಾಂತಿಯಾಗುತ್ತದೆ. "ತಂಬಾಕು ಏರೈತಿ" ಎನ್ನುತ್ತಾರೆ. ಎರಡು ದಿನ ಮನೆಯಲ್ಲಿ ಮಲಗಿದರೆ ಇಳಿಯುತ್ತದೆ.

೧೯೯೬ರ ದೀಪಾವಳಿಯ ಹೊತ್ತಿಗೆ, ಅಲ್ಲಿಗೆ ದುಡಿಯಲು ಹೋಗುತ್ತಿದ್ದ ಕೊಗನೊಳ್ಳಿಯ ಸುಂದ್ರವ್ವ ಊಟ, ನಿದ್ದೆ, ಮಾತು ಮೂರನ್ನೂ ಬಿಟ್ಟಳು. ಅತ್ತೆ ಲಕ್ಕವ್ವ ಇದಕ್ಕೂ "ತಂಬಾಕು ಏರೈತಿ" ಎಂದಳು. ಗಂಡ ಬಾಳು ಒಪ್ಪಿದ. ವಖಾರಿ ಬಿಡಿಸಿ ಹಿಂದಿನ ಕೋಣೆಯಲ್ಲಿ ಮಲಗಿಸಿದರು. ಜೊತೆಗೆ ದುಡಿಯುತ್ತಿದ್ದ ಸತ್ತೆವ್ವ ನೋಡಲು ಬಂದರೆ ಲಕ್ಕವ್ವ ಹೊಸ್ತಿಲಲ್ಲೇ ತಡೆದಳು.

"ನಿನ್ನ ಸೀರ್ಯಾಗ ತಂಬಾಕಿನ ಪುಡಿ ಐತಿ. ಒಳಗ ಬರಬ್ಯಾಡ ಬೇ."

ನಾಲ್ಕು ತಿಂಗಳಾದವು. ಗೋಡೆಯಾಚೆಯದೆಲ್ಲ ಸುಂದ್ರವ್ವನಿಗೆ ಕೇಳಿಸುತ್ತಿತ್ತು. ಬೆಳಿಗ್ಗೆ ಹೆಂಗಸರು ಡಬ್ಬಿ ಹಿಡಿದು ನಗುತ್ತ ನಿಪಾಣಿ ಬಸ್ಸಿಗೆ ಹೋಗುತ್ತಿದ್ದರು. ಅವಳ ಮನೆಯ ಮುಂದೆ ಈಗ ಯಾರೂ ನಿಲ್ಲುತ್ತಿರಲಿಲ್ಲ. ಮೊದಮೊದಲು ಅಳು ಬರುತ್ತಿತ್ತು, ಆಮೇಲೆ ಅದೂ ನಿಂತಿತು. ತಾನಿಲ್ಲದೆ ಎಲ್ಲವೂ ನಡೆಯುತ್ತಿದೆ. ಹಾಗಾದರೆ ತಾನು ಯಾಕಿರಬೇಕು? ಅದನ್ನು ಅವಳು ಯಾರ ಮುಂದೆಯೂ ಹೇಳಲಿಲ್ಲ.

ಒಂದು ದಿನ ಆರೋಗ್ಯ ಉಪಕೇಂದ್ರದ ನರ್ಸ್ ಜನಾಬಾಯಿ ಪಕ್ಕದ ಮನೆಯ ಕೂಸಿಗೆ ಲಸಿಕೆ ಹಾಕಲು ಬಂದಳು.

"ಸುಂದ್ರವ್ವ ಕಾಣವಲ್ಲಳಲ್ಲ, ಲಕ್ಕವ್ವಾ?"

"ತಂಬಾಕು ಏರೈತ್ರಿ ಬಾಯಾರ. ದೀಪಾವಳಿಯಿಂದ."

"ಆ ಘಾಟು ಎರಡು ದಿನಕ್ಕ ಇಳೀತೈತಿ. ನಾಲ್ಕು ತಿಂಗಳು ಕುಂದ್ರಾಕ ಅದೇನು ನಿಮ್ಮ ಬೀಗರೇನು?"

ಜನಾಬಾಯಿ ನೇರ ಕೋಣೆಗೆ ಹೋಗಿ ನೆಲದ ಮೇಲೆ ಕೂತಳು. ಕೇಳುತ್ತ ಹೋದಂತೆ ಒಂದೊಂದೇ ಹೊರಬಿತ್ತು. ಸುಂದ್ರವ್ವ ಎರಡು ವರ್ಷ ಹಾಸಿಗೆ ಹಿಡಿದ ಮಾವನನ್ನು ನೋಡಿಕೊಳ್ಳುತ್ತಲೇ ವಖಾರಿಗೂ ಹೋಗಿದ್ದಳು. ಅವನು ತೀರಿಕೊಂಡ ಮೇಲೆ ಇದು ಶುರುವಾಗಿತ್ತು.

"ನಮ್ಮ ಹಿರ್ಯಾ ಹೋದ ಮ್ಯಾಲ ಈಕಿಗೆ ಆರಾಮ ಆಗಬೇಕಿತ್ತಲ್ರಿ?" ಎಂದಳು ಲಕ್ಕವ್ವ.

"ಹಂಗ ಆಗಂಗಿಲ್ಲ. ಧಾರವಾಡದ ತರಬೇತ್ಯಾಗ ಒಬ್ಬ ಮಿದುಳಿನ ಡಾಕ್ಟರ್ ಹೇಳಿದ್ರು. ಇಲಿಗೋಳನ್ನ ದಿನಾ ತಾಸುಗಟ್ಟಲೆ ಇಕ್ಕಟ್ಟಿನ ಕೊಳವ್ಯಾಗ ಇಟ್ಟು ಸಂಶೋಧನಾ ಮಾಡ್ಯಾರಂತ. ಮೂರು ವಾರಕ್ಕ ಅವುಗಳ ಮಿದುಳಿನ ನರದ ಟೊಂಗಿ ಗಿಡ್ಡ ಆದ್ವು. ಹೊರಗ ಬಿಟ್ಟ ಮ್ಯಾಲ ತಿರುಗಿ ಬೆಳದ್ವು. ಭಾಳ ದಿನದ ಒತ್ತಡ ಮಿದುಳಿಗೆ ಪೆಟ್ಟು ಕೊಡತೈತಿ. ಮನಶ್ಯಾರಿಗೆ ಅದರಿಂದ ಖಿನ್ನತೆ ಅನ್ನೋ ರೋಗ ಬರಬಹುದು."

"ನನ್ನ ಸೊಸಿ ಏನ್ ಇಲಿ ಏನ್ರಿ?"

"ಇಲಿ ಅಲ್ಲ. ಆದ್ರ ಹಿರ್ಯಾರು ಹೋದ ಮ್ಯಾಲೂ ಹೊರಗ ಬಿಡದ ಕೊಳವ್ಯಾಗ ಇಟ್ಟವರು ನೀವು."

ಲಕ್ಕವ್ವ ಸೆರಗು ಸರಿಮಾಡಿಕೊಂಡಳು. ಜನಾಬಾಯಿ ಸುಂದ್ರವ್ವನ ಕಡೆ ತಿರುಗಿದಳು.

"ಜೀವಾನ ಬ್ಯಾಡ ಅನಸೈತೇನವಾ?"

"ಅಂಥಾದ್ದೆಲ್ಲ ಕೇಳಬಾರದ್ರಿ ಬಾಯಾರ!" ಬಾಗಿಲಲ್ಲಿ ನಿಂತಿದ್ದ ಬಾಳು ಗದರಿದ.

"ಕೇಳಬೇಕು. ಕೇಳಿದ್ರಿಂದ ಆ ವಿಚಾರ ಹೊಸದಾಗಿ ಹುಟ್ಟಂಗಿಲ್ಲ."

"ಹೂಂ," ಎಂದಳು ಸುಂದ್ರವ್ವ. "ದಿನಾ."

ಬಾಳುವಿನ ದನಿ ಇಳಿಯಿತು. "ನನಗ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲ."

ಅದೇ ದಿನ ಮಧ್ಯಾಹ್ನದ ಬಸ್ಸಿಗೆ ಅವಳನ್ನು ಬೆಳಗಾವಿಗೆ ಕರೆದೊಯ್ದರು. ಮನೋರೋಗದ ಡಾಕ್ಟರು ಗುಳಿಗೆ ಕೊಟ್ಟರು. ಗುಣ ಕಾಣಲು ಕೆಲವು ವಾರ ಬೇಕು, ನಡುವೆ ನಿಲ್ಲಿಸಬೇಡಿ, ಒಬ್ಬಳನ್ನೇ ಬಿಡಬೇಡಿ ಎಂದರು.

ಎರಡು ವಾರ ಏನೂ ಬದಲಾಗಲಿಲ್ಲ. "ಇದರಾಗ ಏನೂ ಇಲ್ಲ" ಎಂದು ಲಕ್ಕವ್ವ ಗೊಣಗಿದಳು. ಆದರೆ ಗುಳಿಗೆ ತಪ್ಪಿಸಲಿಲ್ಲ, ಸೊಸೆಯ ಪಕ್ಕದಲ್ಲೇ ಮಲಗಿದಳು. ಸತ್ತೆವ್ವ ಪ್ರತಿ ಸಂಜೆ ಬಂದು ವಖಾರಿಯ ಸುದ್ದಿ ಹೇಳಿದಳು. ಸುಂದ್ರವ್ವ ಗೋಡೆಯ ಕಡೆ ತಿರುಗಿ ಮಲಗಿಯೇ ಕೇಳಿಸಿಕೊಂಡಳು. ಜನ ಪಕ್ಕದಲ್ಲಿದ್ದರೂ ಅವಳು ಒಬ್ಬಳೇ ಇದ್ದಳು.

ಐದನೆಯ ವಾರ ಒಂದು ಬೆಳಿಗ್ಗೆ ಅವಳು ರೊಟ್ಟಿಯ ತಾಟು ದೂಡಿದಳು. "ಪಲ್ಯಾಕ ಉಪ್ಪಿಲ್ಲ. ದೀಪಾವಳಿಯಿಂದ ಇಂಥಾದ್ದ ತಿನಸಾಕತ್ತೀರಿ."

"ಕೇಳಿದೇನೋ ಬಾಳು? ನನ್ನ ಸೊಸಿ ನನಗ ಬೈದ್ಲು!" ಎಂದು ಲಕ್ಕವ್ವ ಓಣಿಗೆಲ್ಲ ಕೇಳುವಂತೆ ಕೂಗಿದಳು.

ಅವಳು ಇನ್ನೂ ಪೂರ್ತಿ ಗುಣವಾಗಿಲ್ಲ. ಗುಳಿಗೆ ನಡೆದಿದೆ. ಕೆಲವು ದಿನ ಕೆಟ್ಟವೇ. ಅಂಥ ದಿನ ಅವಳು ಬಾಳುವಿಗೆ ಹೇಳುತ್ತಾಳೆ, ಅವನು ಕೆಲಸ ಬಿಟ್ಟು ಕೂರುತ್ತಾನೆ.

ಓದುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಯಾರಾದರೂ ಎರಡು ವಾರ ಕಳೆದರೂ ಊಟ, ನಿದ್ದೆ, ಮಾತು ಬಿಟ್ಟೇ ಕೂತಿದ್ದರೆ ದೃಷ್ಟಿ, ಸೋಮಾರಿತನ, ತಂಬಾಕು ಎಂದು ಹೆಸರಿಟ್ಟು ಸುಮ್ಮನಾಗಬೇಡಿ. ಕೋಣೆಗೆ ಹಾಕಬೇಡಿ. ಇದು ರೋಗ, ಇದಕ್ಕೆ ಮದ್ದಿದೆ. ನರ್ಸಿಗೆ ಹೇಳಿ, ಡಾಕ್ಟರಿಗೆ ತೋರಿಸಿ. ಅದಕ್ಕೂ ಮೊದಲು, ಇವತ್ತೇ, ಅವರ ಪಕ್ಕ ಕೂತು ಕೇಳಿ. ಏನು ಉತ್ತರ ಬರುತ್ತದೋ ಎಂದು ಹೆದರಿಕೆಯಾದರೂ ಕೇಳಿ.