ಮೆಟ್ಟಿಲ ಬಾವಿಯ ನೀರು

ಮಸ್ಕಿಯ ಆಚೆಯ ಆ ದಿಬ್ಬದ ಊರಿಗೆ ಕಾಲುವೆ ನೀರು ಹತ್ತಲಿಲ್ಲ. ಮೆಟ್ಟಿಲ ಬಾವಿಯೇ ಗತಿ. ಬೇಸಿಗೆ ಬಂತೆಂದರೆ ಅರ್ಧ ಊರಿಗೆ ನಾರುಹುಣ್ಣು. ಬೊಬ್ಬೆ ಒಡೆದು ಬಿಳಿ ದಾರದಂಥ ಹುಳ ತಲೆ ಹೊರಗಿಟ್ಟರೆ ಜನ ಕುಂಟುತ್ತ ಮುದುಕಮ್ಮನ ಮನೆಗೆ ಬರುತ್ತಿದ್ದರು. ಆಕೆ ಅವರನ್ನು ಬಾವಿಯ ಕೊನೆಯ ಮೆಟ್ಟಿಲಲ್ಲಿ ಕೂಡಿಸಿ, ಕಾಲು ನೀರಿಗೆ ಇಳಿಬಿಡಿಸಿ, ಹುಳ ಸಡಿಲಾದ ಮೇಲೆ ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೆಯುತ್ತಿದ್ದಳು. ಕಾಸು ಮುಟ್ಟುತ್ತಿರಲಿಲ್ಲ. ಹೊಗಳಿಕೆಯನ್ನು ಮಾತ್ರ ಬೇಡವೆಂದವಳಲ್ಲ.

ಅಂಥವಳ ಮಗಳು ಗದ್ದೆಮ್ಮನ ಮೊಣಕಾಲಿನಲ್ಲೇ ಹುಳ ತುಂಡಾಗಿ ಒಳಗುಳಿದು, ಕೀವಾಗಿ, ಮಡಚಿದ ಕಾಲು ಮಡಚಿದಂತೆಯೇ ಉಳಿಯಿತು. ಅದೂ ಗಂಡನ ಊರು ತುರ್ವಿಹಾಳದಲ್ಲಿ, ಕಾಲುವೆ ನೀರು ಕುಡಿಯುವ, ಆ ಹುಣ್ಣಿನ ಹೆಸರೇ ಇಲ್ಲದ ಊರಿನಲ್ಲಿ. ಇದು ಇವಳ ಪಾಪ ಎಂದ ಅತ್ತೆ, ಭತ್ತದ ನಾಟಿಗೆ ಬಾರದ ಸೊಸೆಯನ್ನು ಕೂಸಿನ ಸಮೇತ ತವರಿಗೆ ಅಟ್ಟಿದಳು. ಗಂಡ ಮಾಳಿಂಗಪ್ಪನೇ ಅವರನ್ನು ಬಸ್ಸು ಹತ್ತಿಸಿದ.

ಯಾವುದೋ ಸಂಶೋಧನಾ ಸಂಸ್ಥೆಯವರು ಜೀಪಿನಲ್ಲಿ ಬಂದು ಬಾವಿಯ ನೀರನ್ನೂ ಒಂದು ಹುಳವನ್ನೂ ಶೀಶೆಯಲ್ಲಿ ಒಯ್ದಿದ್ದರು. ತಿರುಗಿ ಬಂದವರು ಚಾವಡಿಯಲ್ಲಿ ಜನರನ್ನು ಕೂಡಿಸಿ ಸುದ್ದಿ ಹೇಳಿದರು. ಹುಣ್ಣಿನ ಕಾಲು ನೀರಿಗಿಳಿದರೆ ಹುಳ ಅಲ್ಲೇ ಮರಿ ಹಾಕುತ್ತದೆ, ಆ ನೀರು ಕುಡಿದವರಿಗೆ ಒಂದು ವರ್ಷದ ಮೇಲೆ ಹುಣ್ಣು ಏಳುತ್ತದೆ, ಯಾರೂ ಬಾವಿಗೆ ಇಳಿಯಬೇಡಿ ಎಂದರು. ಜನ ನಕ್ಕು ಎದ್ದುಹೋದರು. ಮುದುಕಮ್ಮ ಏಳಲಿಲ್ಲ. ಗದ್ದೆಮ್ಮನನ್ನು ಚೊಚ್ಚಲ ಹೆರಿಗೆಗೆ ಕರೆತಂದದ್ದು ಬೇಸಿಗೆಯಲ್ಲಿ, ಹುಣ್ಣು ಎದ್ದದ್ದು ಮರುವರ್ಷದ ಬೇಸಿಗೆಯಲ್ಲಿ. ಬೆಳಿಗ್ಗೆ ಜನರ ಕಾಲು ಅದ್ದಿಸಿದ ಬಾವಿಯಿಂದಲೇ ಸಂಜೆ ಕೊಡ ತುಂಬಿ ತಂದು ಬಸುರಿ ಮಗಳಿಗೆ ಕುಡಿಸಿದ್ದಳು.

ಮಗಳಿಗೆ ಹೇಳಲು ಬಾಯಿ ಬರಲಿಲ್ಲ. ಆದರೆ ತಪ್ಪು ಮಗಳದಲ್ಲವೆಂದು ತಿಳಿದರೆ ಅಳಿಯ ಕರೆದುಕೊಂಡಾನು ಎಂಬ ಆಸೆ ಹುಟ್ಟಿತು. ಬಸ್ಸು ಹತ್ತಿ ತುರ್ವಿಹಾಳಕ್ಕೆ ಹೋಗಿ ಮಾಳಿಂಗಪ್ಪನಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು.

"ಆಕಿದು ಏನೂ ತಪ್ಪಿಲ್ರಿ. ಆ ನೀರು ನಾನ ಕುಡಿಸೀನಿ."

ಮಾಳಿಂಗಪ್ಪ ಕೇಳಿದ. "ನನ್ನ ಮಗ ಈಗ ಯಾ ನೀರು ಕುಡ್ಯಾಕತ್ತಾನ, ಅತ್ತಿ?"

ಮರುದಿನವೇ ಅವನು ಬಂದ. ತನ್ನನ್ನು ಕರೆಯಲು ಬಂದನೆಂದು ಗದ್ದೆಮ್ಮ ತಲೆ ಬಾಚಿಕೊಂಡು, ಸೀರೆಗಳ ಗಂಟು ಕಟ್ಟಿ, ಮಗುವನ್ನು ಎತ್ತಿಕೊಂಡು ಹೊಸ್ತಿಲಲ್ಲಿ ಕೂತಳು. ಮಾಳಿಂಗಪ್ಪ ಮಗುವಿಗೆ ಮಾತ್ರ ಕೈ ಚಾಚಿದ. ಕುಂಟಿಯನ್ನು ಮನೆಗೆ ಸೇರಿಸಲು ಅವ್ವ ಒಪ್ಪುವುದಿಲ್ಲ, ಆದರೆ ಹುಳದ ನೀರು ಕುಡಿಯಲು ಮಗನನ್ನು ಇಲ್ಲಿ ಬಿಡಲಾರೆ ಎಂದ. ನಿನ್ನನ್ನು ಕುಂಟಿ ಮಾಡಿದ್ದೂ ಆ ನೀರೇ ಎಂದು ನಿನ್ನವ್ವನೇ ಹೇಳಿದ್ದಾಳೆ ಎಂದ. ಮುದುಕಮ್ಮ ಅಡ್ಡ ನಿಂತು ಅತ್ತಳು, ಇಬ್ಬರನ್ನೂ ಒಯ್ಯಿರೆಂದು ಅಂಗಲಾಚಿದಳು. ಅವನು ಅತ್ತ ನೋಡಲಿಲ್ಲ.

ಗದ್ದೆಮ್ಮ ತಾಯಿಯ ಮುಖ ನೋಡಿದಳು. "ಖರೇ ಏನಬೇ?"

ಮುದುಕಮ್ಮ ಹೌದೆಂದು ತಲೆಯಾಡಿಸಿದಳು.

ಗದ್ದೆಮ್ಮ ತನ್ನ ಕೊರಳು ತಬ್ಬಿದ್ದ ಎಳೆಗೈಗಳನ್ನು ಬಿಡಿಸಿ ಮಗುವನ್ನು ಗಂಡನಿಗೆ ಕೊಟ್ಟಳು. ಮಗು ಚೀರಿತು, ಅತ್ತು ಅತ್ತು ಗಂಟಲು ಒಣಗಿ ನೀರು ಕೇಳಿತು. ಮುದುಕಮ್ಮ ಲಗುಬಗೆಯಿಂದ ಚರಿಗೆ ತುಂಬಿ ತಂದಳು.

"ಬ್ಯಾಡ," ಎಂದು ಗದ್ದೆಮ್ಮ ಚರಿಗೆಯ ಬಾಯಿಗೆ ಅಂಗೈ ಮುಚ್ಚಿದಳು. ಗಂಡನಿಗೆ ಹೇಳಿದಳು. "ಬಳಗಾನೂರು ಮುಟ್ಟೂತನಾ ಅಳಲಿ. ಅಲ್ಲಿ ಕಾಲುವಿ ನೀರು ಕುಡಸ್ರಿ."