ನೂರ ಹನ್ನೆರಡನೆಯ ಪುಟ

ಪುಸ್ತಕದ ಒಂದು ತುದಿ ಜಾನಿನ್ ಕೈಯಲ್ಲಿತ್ತು, ಇನ್ನೊಂದು ಕ್ಲೈವ್ ಮೇಷ್ಟ್ರ ಕೈಯಲ್ಲಿ. ಅವಳು ಅವರತ್ತ ತಳ್ಳುತ್ತಿದ್ದಳು, ಅವರು ಅವಳತ್ತ. ಅವಳ ತಾಯಿ ಡೋರೀನಳ ಶವಪೆಟ್ಟಿಗೆ ಚರ್ಚಿನೊಳಗೆ ಹೋಗಿ ಐದು ನಿಮಿಷವೂ ಆಗಿರಲಿಲ್ಲ.

“ನಾನು ಓದಲ್ಲ. ಡೋರೀನ್ ಬಗ್ಗೆ ನಾಲ್ಕು ಮಾತು ಬರ್ಕೊಂಡು ಬಂದಿದೀನಿ, ಅದನ್ನ ಹೇಳ್ತೀನಿ.”

“ನಿಮ್ಮ ನಾಲ್ಕು ಮಾತನ್ನ ಅಮ್ಮ ಇಪ್ಪತ್ತು ವರ್ಷ ಕೇಳಿದಾರೆ, ಮೇಷ್ಟ್ರೇ. ಸಾಯೋ ಮುಂಚೆ ಚೀಟಿ ಬರೆದಿಟ್ಟಿದಾರೆ: ‘ನೂರ ಹನ್ನೆರಡನೇ ಪುಟ ಕ್ಲೈವ್ ಓದ್ಬೇಕು. ವ್ಯಾಖ್ಯಾನ ಬೇಡ.’ ನನ್ನ ಕೇಳಿದ್ರೆ ನಿಮ್ಮನ್ನ ಒಳಗೇ ಬಿಡ್ತಿರ್ಲಿಲ್ಲ.”

“ಇದು ನನ್ನ ಮರ್ಯಾದೆ ತೆಗೆಯೋಕೆ ಮಾಡಿರೋದು.”

“ಇದ್ರೆ ತಾನೆ ತೆಗೆಯೋದು.”

ಲೈಬ್ರರಿಯ ಗ್ವೆನ್ ಸ್ಯಾಂಡ್‌ವಿಚ್ ತಟ್ಟೆ ಹಿಡಿದು ಪಕ್ಕದ ಹಾಲ್‌ಗೆ ಹೋಗುತ್ತಿದ್ದವಳು ನಿಂತಳು. “ಥೂ, ಇಬ್ರಿಗೂ ನಾಚ್ಕೆ ಇಲ್ವಾ? ಪಾದ್ರಿ ನೋಡ್ತಾ ಇದಾರೆ. ತಗೋ ಕ್ಲೈವ್. ಒಂದು ಪುಟ ಓದಿದ್ರೆ ನಿನ್ನ ಗಂಟೇನು ಹೋಗುತ್ತೆ?”

ಮೇಷ್ಟ್ರು ಪುಸ್ತಕವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡರು. ತೆರೆದು ನೋಡಲಿಲ್ಲ. ಆ ಕಾದಂಬರಿಯನ್ನು ಹದಿನೆಂಟು ವರ್ಷ ಶಾಲೆಯಲ್ಲಿ ಪಾಠ ಮಾಡಿದವರು ಅವರು. ಜಾನಿನ್ ಕೂಡ ಅವರ ಕೈಕೆಳಗೇ ಅದನ್ನು ಓದಿದವಳು. ಅದರಲ್ಲಿ ತಮಗೆ ತಿಳಿಯದ್ದು ಇದೆ ಎಂದು ಮೀನು ಕೊಯ್ಯುವವಳೊಬ್ಬಳು ಸತ್ತ ಮೇಲೂ ಹೇಳುವುದೆಂದರೇನು!

*

ನಮ್ಮ ಕಡಲೂರು ಪೋರ್ಟ್ ಫೇರಿಯ ಲೈಬ್ರರಿಯಲ್ಲಿ ತಿಂಗಳ ಮೊದಲ ಮಂಗಳವಾರ ಕೂಟ ಸೇರುತ್ತಿತ್ತು. ದೆವ್ವ, ಡ್ರ್ಯಾಗನ್, ಇಲ್ಲದ ಲೋಕಗಳ ಕಾದಂಬರಿಗಳನ್ನು ಓದಿ ಚರ್ಚಿಸುವ ಕೂಟ. ಡೋರೀನ್ ಮೀನುಗಾರರ ಸಹಕಾರ ಸಂಘದ ಶೆಡ್ಡಿನಿಂದ ನೇರವಾಗಿ ಬರುತ್ತಿದ್ದಳು. ಎಷ್ಟು ತೊಳೆದರೂ ಕೈಯ ವಾಸನೆ ಹೋಗುತ್ತಿರಲಿಲ್ಲ. ಮೇಷ್ಟ್ರು ತಮ್ಮ ಕುರ್ಚಿಯನ್ನು ಕಿಟಕಿಯ ಬಳಿಗೆ ಎಳೆದುಕೊಳ್ಳುತ್ತಿದ್ದರು, ಅದೂ ಸದ್ದಾಗುವಂತೆ.

ಮೇಷ್ಟ್ರಿಗೆ ಒಂದೇ ಮಂತ್ರ: ಸಂಕೇತ. ಡ್ರ್ಯಾಗನ್ ಬಂದರೆ ದುರಾಸೆಯ ಸಂಕೇತ, ಮಾತಾಡುವ ಮರ ಬಂದರೆ ನೆನಪಿನ ಸಂಕೇತ.

“ಡ್ರ್ಯಾಗನ್ ಆ ಊರಿನ ಹುಲ್ಲಿನ ಬಣವೆ ಸುಟ್ಟು ಹಾಕ್ತಲ್ಲ,” ಎನ್ನುತ್ತಿದ್ದಳು ಡೋರೀನ್. “ಸಂಕೇತ ಬಣವೆ ಸುಡುತ್ತಾ, ಕ್ಲೈವ್? ಮೊದಲು ಅದು ಡ್ರ್ಯಾಗನ್ ಆಗಿರ್ಬೇಕು. ಆಮೇಲೆ ಬೇಕಾದ್ರೆ ನಿನ್ನ ಸಂಕೇತ ಆಗ್ಲಿ.”

“ಮಕ್ಕಳು ಹಾಗೆ ಓದ್ತಾರೆ.”

“ಮಕ್ಕಳು ನೆಟ್ಟಗೆ ಓದ್ತಾರೆ.”

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ ಅವರು, ಅವಳೇನೂ ಕಡಿಮೆಯಲ್ಲ. ನಿಜ ಹೇಳಬೇಕೆಂದರೆ ಉಳಿದ ನಾವು ಕೂಟಕ್ಕೆ ಹೋಗುತ್ತಿದ್ದುದೇ ಇವರಿಬ್ಬರ ಜಗಳ ನೋಡಲು.

ನಾಲ್ಕು ವರ್ಷದ ಹಿಂದೆ ಕೂಟದಲ್ಲಿ ಈ ದೀಪಸ್ತಂಭದ ಕಾದಂಬರಿಯ ಸರದಿ ಬಂತು, ಮೇಷ್ಟ್ರು ಶಾಲೆಯಲ್ಲಿ ಪಾಠ ಮಾಡಿದ್ದೇ. ಕಾವಲುಗಾರ ಸಮುದ್ರದಲ್ಲಿ ಮುಳುಗಿ ಸಾಯುತ್ತಾನೆ. ಪ್ರತಿ ಸಂಜೆ ಊಟಕ್ಕೆ ಮನೆಗೆ ಬರುತ್ತಾನೆ. ಹೆಂಡತಿ ಬಡಿಸುತ್ತಾಳೆ. ಡೋರೀನಳ ಗಂಡ ಮಿಕ್ ಸಿಗಡಿ ದೋಣಿಯೊಂದಿಗೆ ಕಾಣೆಯಾಗಿ ಆಗಲೇ ಇಪ್ಪತ್ತಾರು ವರ್ಷ. ಹೆಣವೂ ಸಿಕ್ಕಿರಲಿಲ್ಲ. ಊರಿಗೆಲ್ಲ ಗೊತ್ತಿದ್ದ ವಿಷಯ, ಮೇಷ್ಟ್ರಿಗೂ ಗೊತ್ತಿತ್ತು.

“ಅವನು ಬರ್ತಾನೆ,” ಎಂದಳು ಡೋರೀನ್, ಪುಟ ತಿರುವುತ್ತಾ. “ಬರ್ತಾನೆ ಅನ್ನೋದಕ್ಕೆ ಇದರಲ್ಲೇ ಇದೆ, ತಾಳು, ತೋರಿಸ್ತೀನಿ.”

“ಬರಲ್ಲ, ಡೋರೀನ್. ಮುಳುಗಿದವರು ಬರಲ್ಲ. ಅದೆಲ್ಲ ಹೆಂಡತಿಯ ದುಃಖ, ಅವಳ ತಲೆಯೊಳಗೇ ನಡೆಯೋದು. ಅಷ್ಟು ಗೊತ್ತಾಗದವರಿಗೆ ಇಂಥ ಪುಸ್ತಕ ಯಾಕೆ? ಸಾಕು, ಟೈಮ್ ಆಯ್ತು.”

ನಾವೆಲ್ಲ ಪುಸ್ತಕಗಳನ್ನು ಚೀಲಕ್ಕೆ ತುರುಕಿಕೊಂಡೆವು. ನಮಗೆ ನಾಚಿಕೆಯಾಗಬೇಕಿತ್ತು, ಆಯಿತೋ ಇಲ್ಲವೋ ಗೊತ್ತಿಲ್ಲ. ಡೋರೀನ್ ಚೀಲ ಎತ್ತಿಕೊಂಡು ಬಾಗಿಲವರೆಗೆ ಹೋದಳು.

“ನನ್ನ ಗಂಡ ಬರ್ಲಿಲ್ಲ. ಅದನ್ನ ನೀನು ನನಗೆ ಹೇಳ್ಕೊಡ್ಬೇಕಾಗಿಲ್ಲ. ಅವಳ ಗಂಡ ಬಂದ. ಪುಸ್ತಕ ನೆಟ್ಟಗೆ ಓದು.”

ಮತ್ತೆ ಅವಳು ಕೂಟಕ್ಕೆ ಬರಲಿಲ್ಲ. ಮೇಷ್ಟ್ರು ಕ್ಷಮೆ ಕೇಳಲಿಲ್ಲ. ಓದಿದ್ದನ್ನು ಹೇಳಿದ್ದಕ್ಕೆ ಕ್ಷಮೆ ಎಂಥದ್ದು ಎಂಬುದು ಅವರ ವಾದ. ಬೇಕರಿಯಲ್ಲಿ ಒಬ್ಬರಿದ್ದರೆ ಇನ್ನೊಬ್ಬರು ಹೊರಗೆ ಗಾಳಿಯಲ್ಲಿ ನಿಂತಿರುತ್ತಿದ್ದರು.

*

ಚರ್ಚಿನೊಳಗೆ ಪಾದ್ರಿ ಹೆಸರು ಕರೆದಾಗ ಮೇಷ್ಟ್ರು ಎದ್ದು ಮೆಟ್ಟಿಲು ಹತ್ತಿ ಪುಸ್ತಕ ಬಿಡಿಸಿದರು. ಪುಟ ನೋಡಿ ಅವರ ಮುಖದಲ್ಲಿ ತಾತ್ಸಾರ ಸುಳಿಯಿತು. ಪ್ರತಿ ವರ್ಷ ಮಕ್ಕಳಿಗೆ “ಇದು ಬರೀ ನಗಿಸೋಕೆ ತುರುಕಿದ್ದು, ಬಿಟ್ಟು ಮುಂದಕ್ಕೆ ಹೋಗಿ” ಎಂದು ದಾಟಿಸುತ್ತಿದ್ದ ಪುಟ ಅದು. ದಾಟಿಸುತ್ತಾ ತಾವೂ ದಾಟುತ್ತಿದ್ದರು. ಇಸ್ತ್ರಿ ಹಾಕಿದಂಥ ಪಾಠದ ದನಿಯಲ್ಲಿ ಓದತೊಡಗಿದರು.

“ಬೆಳಿಗ್ಗೆ ಪಕ್ಕದ ಮನೆಯ ಹೆಂಗಸು ಹಿಟ್ಟು ಕೇಳಲು ಬಂದಳು. ಮನೆಯೊಡತಿ ಇನ್ನೂ ಒಳಗೆ ಮಲಗಿದ್ದಳು. ಹೆಂಗಸು ಹೊಸಿಲು ದಾಟುತ್ತಲೇ ಜಾರಿ ದೊಪ್ಪನೆ ಬಿದ್ದಳು. ಬಾಗಿಲಿನಿಂದ ಊಟದ ಕುರ್ಚಿಯವರೆಗೂ ನೀರು. ಬೈಯುತ್ತಲೇ ಎದ್ದು, ಒದ್ದೆ ಬೆರಳನ್ನು ನಾಲಿಗೆಗಿಟ್ಟಳು. ಉಪ್ಪು.”

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಮೇಷ್ಟ್ರು ನಿಲ್ಲಿಸಿದರು. ಕೊನೆಯ ಎರಡು ಸಾಲನ್ನು ಮತ್ತೆ ಓದಿದರು. ಈ ಸಲ ಅದು ಪಾಠದ ದನಿಯಾಗಿರಲಿಲ್ಲ.

“ಓದಾಯ್ತಲ್ಲ, ಇಳೀರಿ,” ಎಂದಳು ಜಾನಿನ್ ಮುಂದಿನ ಸಾಲಿನಿಂದ.

“ಇವಳು ಹೆಂಡತಿ ಅಲ್ಲ,” ಎಂದರು ಮೇಷ್ಟ್ರು. “ಪಕ್ಕದ ಮನೆಯವಳು. ಇವಳಿಗೆ ಯಾವ ದುಃಖ? ಬೇರೆಯವರ ದುಃಖದ ಮೇಲೆ ಯಾರಾದ್ರೂ ಕಾಲು ಜಾರಿ ಬೀಳ್ತಾರಾ?”

“ವ್ಯಾಖ್ಯಾನ ಬೇಡ ಅಂದಿದ್ರು ಅಮ್ಮ.”

ಅವರಿಗೆ ಅದು ಕೇಳಿಸಲಿಲ್ಲ. ಶವಪೆಟ್ಟಿಗೆಯತ್ತ ತಿರುಗಿ ಕೂಗಿಯೇಬಿಟ್ಟರು. “ಅವತ್ತೇ ತೋರಿಸೋಕೆ ಏನಾಗಿತ್ತು ನಿನಗೆ?”

ಪಾದ್ರಿ ಎದ್ದು ನಿಂತರು. ಜಾನಿನ್ ಅವರಿಗಿಂತ ಮೊದಲೇ ಎದ್ದಿದ್ದಳು.

“ತೋರಿಸೋಕೇ ಹುಡುಕ್ತಾ ಇದ್ರು. ನೀವು ಟೈಮ್ ಆಯ್ತು ಅಂದ್ರಿ.”

ಮೇಷ್ಟ್ರು ಮೆಟ್ಟಿಲಿಳಿದು ತಮ್ಮ ಜಾಗಕ್ಕೆ ಹೋಗದೆ ಪೆಟ್ಟಿಗೆಯ ಪಕ್ಕ ನಿಂತರು. ಜೇಬಿನಲ್ಲಿದ್ದ ಆ ನಾಲ್ಕು ಮಾತಿನ ಕಾಗದ ಕೆಳಗೆ ಬಿತ್ತು, ಹೆಕ್ಕಲಿಲ್ಲ. ಉಪ್ಪಿನ ಸಾಲಿನ ಕೆಳಗೆ ಬೆರಳಿಟ್ಟು ಪುಸ್ತಕವನ್ನು ಪೆಟ್ಟಿಗೆಯ ಮುಚ್ಚಳದ ಮೇಲೆ ಹಿಡಿದರು. ಒಂದು ಕ್ಷಣ ಬಿಟ್ಟು ಅದನ್ನು ತಿರುಗಿಸಿದರು, ತಮಗೆ ತಲೆಕೆಳಗಾಗಿ, ಡೋರೀನಳಿಗೆ ನೆಟ್ಟಗೆ.